ಮಾವನ ಕಳೆದುಹೋದ ದನಿ

ನಮ್ಮ ಸೋದರಮಾವನ ದನಿ ಕಳೆದುಹೋಗಿದೆ! ಹಾಗಂತ ಗಂಟಲು ಕೆಟ್ಟಿದೆ ಎಂದುಕೊಳ್ಳಬೇಡಿ. ಅವರು ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲಿ ಮಾತಾಡಿದರೆ ಮಾಡದಕೆರೆಯಲ್ಲಿರುವ ನಮಗೆ ಫೋನಿಲ್ಲದೆಯೇ ಕೇಳಿಸುತ್ತದೆ. ಕಳೆದಿರುವುದು ‘ಸ್ವಂತ ದನಿ’.

ಆದದ್ದಿಷ್ಟು. ಮಾವ ಕವಿ. ತೆಂಗಿನ ತೋಟ ನೋಡಿಕೊಳ್ಳುವುದು ಬಿಡುವಿನ ಕೆಲಸ. ಒಂದು ಕವಿಗೋಷ್ಠಿಯಲ್ಲಿ ಕಡಲಿನ ಮೇಲೆ ಪದ್ಯ ಓದಿದರು. ಅಧ್ಯಕ್ಷರು, “ಪದ್ಯವೇನೋ ಸೊಗಸಾಗಿದೆ. ಆದರೆ ಇದರಲ್ಲಿ ನಿಮ್ಮ ಸ್ವಂತ ದನಿ ಎಲ್ಲಿ?” ಎಂದುಬಿಟ್ಟರು. ಮಾವ ಮನೆಗೆ ಬಂದು ಮುಖ ಸಣ್ಣದು ಮಾಡಿಕೊಂಡು, “ನಂಗೆ ದನೀನೇ ಇಲ್ವಂತೆ ಕಣೇ” ಎಂದರು. ಅತ್ತೆ ಒಳಗೆ ಹೋಗಿ ಮೆಣಸಿನ ಕಷಾಯ ಕಾಸಿ ತಂದರು!

ಕಷಾಯ ಕುಡಿದು ಅದೇ ಪದ್ಯವನ್ನು ಅತ್ತೆಗೆ ಓದಿದರು. ಅತ್ತೆ ಕಾಯಿ ತುರಿಯುತ್ತಲೇ ಕೇಳಿ, “ನೀವು ಕಡ್ಲು ಎಲ್ಲಿ ನೋಡಿದ್ರಿ? ಹಿರಿಯೂರಿನ ಮಾರಿಕಣಿವೆ ಡ್ಯಾಮಲ್ಲಿ ಕಾಲು ನೆನೆಸಾಕೂ ಹೆದರಿದೋರು. ಇದು ನಿಮ್ದಲ್ಲ ಬಿಡ್ರಿ” ಎಂದರು. ಅಧ್ಯಕ್ಷರ ಮಾತಿಗಿಂತ ಇದು ಆಳಕ್ಕೆ ನಾಟಿತು. “ಇವಳ ಬಾಯಲ್ಲಿ ‘ಇದು ನಿಮ್ದು’ ಅನ್ನಿಸ್ಲಿಲ್ಲ ಅಂದ್ರೆ ನಾನು ಕವೀನೇ ಅಲ್ಲ!” ಎಂದು ಮಾವ ನನ್ನೆದುರೇ ಶಪಥ ಮಾಡಿದರು.

ಅಲ್ಲಿಂದ ನಮ್ಮ ನೆಲದ ದನಿಗೆ ಹುಡುಕಾಟ. ಪದ್ಯದ ತುಂಬ ‘ಐತೆ’ ಬಂದು ಕೂತಿತು. ಚಂದ್ರ ಐತೆ, ಮೋಡ ಐತೆ, ಬದುಕು ಐತೆ, ಅರ್ಥ ಮಾತ್ರ ಎಲ್ಲೈತೋ! ಇದ್ದ ಐತೆಗಳೆಲ್ಲ ಪದ್ಯಕ್ಕೇ ಖರ್ಚಾದವೋ ಏನೋ, ಮನೆಯಲ್ಲಿ ಪುಸ್ತಕದ ಭಾಷೆ ಶುರುವಾಯಿತು. ಒಂದು ದಿನ ಊಟಕ್ಕೆ ಕೂತು, “ಸಾರಿನಲ್ಲಿ ಉಪ್ಪು ಕಡಿಮೆ ಇದೆ” ಎಂದರು. ಅತ್ತೆಗೆ ಗಾಬರಿ.

“ಯಾಕ್ರಿ, ನನ್ ಮ್ಯಾಲೆ ಸಿಟ್ಟೇನ್ರಿ?”

ಪದ್ಯಗಳನ್ನು ಟೈಪಿಗೆ ಕೊಟ್ಟರೆ, ಅಂಗಡಿಯ ಹೆಣ್ಣುಮಗಳು ಐತೆಗಳನ್ನೆಲ್ಲ ‘ಇದೆ’ ಮಾಡಿಟ್ಟಿದ್ದಳು.

“ತಪ್ಪೆಲ್ಲ ತಿದ್ದಿದೀನಿ ಸಾರ್.”

“ಅದು ತಪ್ಪಲ್ಲ ಕಣವ್ವ, ನನ್ನ ಅಸ್ಮಿತೆ!”

“ಅದೂ ಒಂದ್ಕಡೆ ಇತ್ತು ಸಾರ್. ಅರ್ಥ ಆಗ್ಲಿಲ್ಲ, ತೆಗೆದಾಕ್ದೆ.”

ತಿದ್ದಿದ್ದು, ತಿದ್ದದೇ ಇದ್ದದ್ದು ಎರಡನ್ನೂ ಮಾವ ಅತ್ತೆಗೆ ಓದಿದರು. ಎರಡಕ್ಕೂ ತೀರ್ಪು ಒಂದೇ: “ನಿಮ್ದಲ್ಲ ಬಿಡ್ರಿ.” ಮಾವ ಆಮೇಲೆ ಕೆಲವು ದಿನ ಪದ್ಯದ ಸುದ್ದಿಯನ್ನೇ ಎತ್ತಲಿಲ್ಲ. ನನಗಂತೂ ಪಾಪ ಅನ್ನಿಸಿತು.

ಈಚೆಗೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಇನ್ನೂ ಪೊರೆ. ನಾನೂ ಜೊತೆಗಿದ್ದೆ. ಮಲಗಿದ್ದ ಅತ್ತೆ ಬೇಸರವಾಗಿ, “ಹೊರಗೆ ಏನೈತ್ರಿ?” ಎಂದು ಕೇಳಿದರು. ಮಾವ ಎದ್ದು ಕಿಟಕಿಯ ಹತ್ತಿರ ಹೋದರು. ಸರಿ, ಈಗ ಉಪಮೆಗಳು ಶುರು ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಆದರೆ ಅವರು ಮೆಲ್ಲಗೆ ಹೇಳಿದರು:

“ಬಂಡೆ ಮ್ಯಾಲೆ ಬಿಸ್ಲೈತೆ. ಎದುರುಮನೆ ಮಾಳಿಗೆ ಮ್ಯಾಲೆ ಒಂದು ಹಸ್ರು ಸೀರೆ ಒಣಗಾಕವ್ರೆ. ನಿಂದೈತಲ್ಲ, ಅಂಥದ್ದೇ. ಗಾಳಿ ಬಂದ್ರೆ ಎದ್ದೇಳ್ತೈತೆ, ಮತ್ತೆ ಸುಮ್ನಾಗ್ತೈತೆ. ನೀನು ನೋಡ್ದೆ ಇದ್ರೆ ನಂಗೂ ಎಲ್ಲ ಅರ್ಧನೇ ಕಾಣ್ತೈತೆ ಕಣೇ.”

ಅತ್ತೆ ಕೈ ಚಾಚಿ ಮಾವನ ಕೈ ಹುಡುಕಿ ಹಿಡಿದುಕೊಂಡರು.

“ಇದು ನಿಮ್ದು ಕಣ್ರಿ. ಇನ್ನೊಂದ್ಸಲ ಹೇಳ್ರಿ.”

ಊರಿಗೆಲ್ಲ ಕೇಳುವ ನಮ್ಮ ಮಾವನಿಗೆ ಆಗ ದನಿಯೇ ಹೊರಡಲಿಲ್ಲ.