ತೊಗಲಿನೊಳಗಿನ ಬೆಳಕು

ರೋಗ ಬಂದರೆ ಹೆಸರಿರುವ ರೋಗವೇ ಬರಬೇಕು. ಹೆಸರಿಲ್ಲದ ರೋಗಕ್ಕೆ ಮನೆಯಲ್ಲಿ ಮೂರು ಕಾಸಿನ ಮರ್ಯಾದೆ ಇಲ್ಲ. ನನ್ನ ತೋಳಿನ ಮೇಲೆ ಕೆಂಪು ಗಂಧೆ ಎದ್ದು, ಬಿಸಿಲಿಗೆ ಹೋದರೆ ಉರಿದು, ಬೆರಳಿನ ಗೆಣ್ಣು ಹಿಡಿದುಕೊಂಡು ಎರಡು ವರ್ಷ ನರಳಿದೆ. ಸೊಸೆ ನಾಗಮ್ಮ, "ವಯಸ್ಸಾತಲ್ಲತ್ತಿ, ಅದಕ್ಕ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ವಯಸ್ಸು ಬರೀ ತೋಳಿಗೆ ಆಗುತ್ತದೆಯೇ? ನಾಲಿಗೆಗೆ ಇನ್ನೂ ಆಗಿಲ್ಲ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ.

ನಾನು ಓದಿದ್ದು ಎರಡನೇ ಕ್ಲಾಸು. ಬಸ್ಸಿನ ಬೋರ್ಡು ಓದುವಷ್ಟು ಅಕ್ಷರ ಬರುತ್ತದೆ. ಕೂಡ್ಲಿಗಿ ಸಲೀಸು. ಹಗರಿಬೊಮ್ಮನಹಳ್ಳಿ ಎಂದು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತದೆ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ನನ್ನ ಒಗ್ಗರಣೆ ಮಂಡಕ್ಕಿ ಅಂಗಡಿ. ಇಪ್ಪತ್ತೆಂಟು ವರ್ಷ ಆ ಒಲೆಯ ಮುಂದೆ ಕೂತವಳು, ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಊರಿನಲ್ಲಿ ಕೊಟ್ರಮ್ಮ ಎಂಬ ಹೆಸರಿನವರು ನೂರು ಜನ ಇದ್ದಾರೆ. ಮಂಡಕ್ಕಿ ಕೊಟ್ರಮ್ಮ ನಾನೊಬ್ಬಳೇ. ಒಲೆ ಹೋದರೆ ಉಳಿದ ತೊಂಬತ್ತೊಂಬತ್ತರಲ್ಲಿ ಒಬ್ಬಳಾಗುತ್ತೇನೆ. ನನಗಿದ್ದ ಭಯ ಅದೊಂದೇ.

ಎಂಬತ್ತನೇ ಇಸವಿಯ ಆಚೀಚೆಯ ಮಾತು. ಪಟ್ಟಣದ ದೊಡ್ಡ ಕಾಲೇಜಿನಿಂದ ಒಬ್ಬ ಎಳೆಯ ಡಾಕ್ಟರು ನಮ್ಮ ಸರ್ಕಾರಿ ದವಾಖಾನೆಗೆ ಬಂದರು. ಮೈಸೂರು ಕಡೆಯ ಮಾತು, ದಪ್ಪ ಕನ್ನಡಕ. ಈ ಸೀಮೆಯ ಜನರ ತೊಗಲಿನ ಮೇಲೆ ಸಂಶೋಧನೆ ಮಾಡುತ್ತಾರಂತೆ. ನನ್ನ ತೋಳು ನೋಡಿದವರೇ ಕಣ್ಣರಳಿಸಿದರು.

"ಅಜ್ಜಿ, ನಮ್ಮ ಮೈಯೊಳಗೆ ಕಾವಲುಗಾರರಿದ್ದಾರೆ. ಹೊರಗಿನಿಂದ ರೋಗ ಬಂದರೆ ಹೊಡೆದು ಓಡಿಸುತ್ತಾರೆ. ಕೆಲವರಲ್ಲಿ ಅವರು ದಾರಿ ತಪ್ಪಿ ಮನೆಯವರನ್ನೇ ಹೊಡೆಯೋಕೆ ಶುರು ಮಾಡ್ತಾರೆ."

"ಕುಡಿದಿರ್ತಾರೇನ್ರಿ?" ಎಂದೆ.

ಅವರು ನಗಲಿಲ್ಲ. ಓದಿದವರು ನಗುವುದಿಲ್ಲ, ಬರೆದುಕೊಳ್ಳುತ್ತಾರೆ. ತೋಳಿನಿಂದ ಕಡಲೆಬೇಳೆಯಷ್ಟು ತೊಗಲು ಕತ್ತರಿಸಿ, ಅದಕ್ಕೆ ಒಂದು ಬಣ್ಣ ಹಾಕಿ, ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಬಿಡುತ್ತಾರಂತೆ. ಆ ಬಣ್ಣ ದಾರಿತಪ್ಪಿದ ಕಾವಲುಗಾರರಿಗೇ ಅಂಟಿಕೊಳ್ಳುತ್ತದೆ, ಅವರು ಇದ್ದ ಕಡೆ ಹಸಿರಾಗಿ ಬೆಳಗುತ್ತದೆ. "ನಾಳೆ ಚೆನ್ನಾಗಿ ತೊಳ್ಕೊಂಡು ಬನ್ನಿ" ಎಂದರು.

ತೊಳೆದುಕೊಂಡೆ, ಸೋಪು ಹಚ್ಚಿಯೇ ತೊಳೆದುಕೊಂಡೆ. ಆಮೇಲೆ, ಮೈಗೆ ಕಬ್ಬಿಣ ತಾಗುವ ಮುಂಚೆ ಏನು ಮಾಡಬೇಕೋ ಅದನ್ನೂ ಮಾಡಿದೆ: ಅರಿಶಿಣಕ್ಕೆ ಎಣ್ಣೆ ಕಲಸಿ ಗಸಗಸ ತಿಕ್ಕಿದೆ. ನನ್ನ ಅವ್ವ ಹೀಗೇ ಮಾಡುತ್ತಿದ್ದಳು, ಅವಳ ಅವ್ವನೂ ಹೀಗೇ. ನರ್ಸಮ್ಮ ಸ್ಪಿರಿಟ್ಟಿನಲ್ಲಿ ಒರೆಸಿದಳು. ಅರಿಶಿಣ ಒರೆಸಿದರೆ ಹೋಗುತ್ತದೆ ಎಂದುಕೊಂಡ ಆ ಹುಡುಗಿ ಜೀವನದಲ್ಲಿ ಒಗ್ಗರಣೆ ಹಾಕಿರಲಿಕ್ಕಿಲ್ಲ.

ಮೂರು ವಾರದ ಮೇಲೆ ಡಾಕ್ಟರು ತಾವಾಗಿಯೇ ಅಂಗಡಿಗೆ ಬಂದರು. ಮನೆಯಲ್ಲಿ ಗಂಡುಮಗು ಹುಟ್ಟಿದವರ ಮುಖ.

"ಅಜ್ಜಿ, ಇಂಥ ಬೆಳಕು ನಾನು ಎಲ್ಲೂ ನೋಡಿಲ್ಲ! ನಿಮ್ಮದೊಂದೇ ಅಲ್ಲ. ಹಡಗಲಿ, ಹರಪನಹಳ್ಳಿ, ತಂಬ್ರಹಳ್ಳಿ, ಎಲ್ಲಾ ಕಡೆ ಹೆಂಗಸರ ಚರ್ಮ ಬೆಳಗ್ತಿದೆ. ಗಂಡಸರದ್ದು ಒಂದೂ ಇಲ್ಲ. ಇಲ್ಲಿನ ನೀರಲ್ಲೋ ಮಣ್ಣಲ್ಲೋ ಏನೋ ಇದೆ, ಹೆಂಗಸರನ್ನೇ ಹಿಡೀತಿದೆ."

ಅದರ ಮೇಲೆ ಲೇಖನ ಬರೆಯುತ್ತಿದ್ದರಂತೆ, ದೊಡ್ಡ ಡಾಕ್ಟರುಗಳ ಸಭೆಯಲ್ಲಿ ಓದುತ್ತಾರಂತೆ. ಆಮೇಲೆ ನನ್ನ ಬಾಣಲೆ ನೋಡಿ, "ಇನ್ನು ಮೇಲೆ ಬಿಸಿಲು ಬೇಡ, ಒಲೆಯ ಶಾಖ ಬೇಡ. ತಿಂಗಳು ಬಿಟ್ಟು ಪಟ್ಟಣಕ್ಕೆ ಬನ್ನಿ, ಮಾತ್ರೆ ಶುರು ಮಾಡೋಣ. ಜೀವನಪೂರ್ತಿ ತಗೋಬೇಕು" ಎಂದರು. ಅವರ ಬಸ್ಸು ಹೊರಡುವ ಮೊದಲೇ ನಾಗಮ್ಮ ಒಲೆಯ ಮುಂದೆ ಕೂತಿದ್ದಳು.

ಊರಿಗೆ ಸುದ್ದಿ ಹಬ್ಬಿತು. ನೋಡಲು ಬಂದವರು ಬಾಳೆಹಣ್ಣು ತಂದರು, ಇಬ್ಬರು ನಮಸ್ಕಾರವನ್ನೂ ಮಾಡಿದರು. ಎದುರಿನ ಸೈಕಲ್ ಷಾಪಿನ ಖಾದರ್ ಸಾಬರು ಮಾತ್ರ, "ಕೊಟ್ರಮ್ಮಾರ, ನಿಮ್ಮ ಮೈಯಾಗ ಬೆಳಕೈತಂತಲ್ಲ! ಕರೆಂಟ್ ಹೋದಾಗ ನಮ್ಮ ಷಾಪಿಗೆ ಬಂದು ಕುಂದರ್ರಿ, ಪಂಕ್ಚರ್ ಹಾಕಾಕ ಅನುಕೂಲ ಆಗ್ತೈತಿ" ಎಂದರು. ನಾನೂ ನಕ್ಕೆ. ಆದರೆ ಕಣ್ಣು ಒಲೆಯ ಕಡೆಗೇ ಇತ್ತು.

ತಿಂಗಳಾದ ಮೇಲೆ ಪಟ್ಟಣಕ್ಕೆ ಹೋದೆ. ಜೀವನಪೂರ್ತಿ ಮಾತ್ರೆ ನುಂಗುವವಳು ನಾನು, ಆ ಬೆಳಕನ್ನು ನನಗೂ ತೋರಿಸಿ ಎಂದು ಹಟ ಹಿಡಿದೆ. ಡಾಕ್ಟರು ಕತ್ತಲೆ ಕೋಣೆಗೆ ಕರೆದೊಯ್ದು ಯಂತ್ರದ ಮುಂದೆ ಕೂರಿಸಿದರು. ಆಯ ತಪ್ಪಿ ನಾನು ನೇರಳೆ ಬೆಳಕು ಬೀಳುವ ಜಾಗಕ್ಕೇ ಕೈಯಿಟ್ಟೆ. ಐದೂ ಬೆರಳು ಹಳದಿಹಸಿರಾಗಿ ಧಗಧಗ ಎಂದವು.

ಡಾಕ್ಟರು ನನ್ನ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು.

"ಕೈಗೆ ಏನು ಹಚ್ಚಿದ್ದೀರಿ ಅಜ್ಜಿ?"

"ಅರಿಶಿಣ. ಮುಂಜಾನೆ ಈ ಗಂಧೆಗೆ ಮೆತ್ತಿದ್ದೆ."

"ಕತ್ತರಿಸಿದ ದಿನ?"

"ಹಚ್ಚದೇ ಯಾರರ ಕತ್ತಿಗೆ ಮೈ ಕೊಡ್ತಾರೇನ್ರಿ? ನಿಮ್ಮವ್ವ ಹೇಳಿಲ್ಲೇನು?"

"ಉಳಿದ ಹೆಂಗಸರೂ..."

"ಹೆಂಗಸರು ಅಂದಮ್ಯಾಲೆ ಹಚ್ಚತಾರ. ನಮ್ಮ ಕಡೆ ಗಂಡಸರು ಜಳಕ ಮಾಡಿದ್ದೇ ಹೆಚ್ಚು."

ಮೂಲೆಯಲ್ಲಿದ್ದ ಜವಾನ ಕೆಮ್ಮುತ್ತಾ ಹೊರಗೋಡಿದ. ಕೆಮ್ಮು ಎಂಥದ್ದೆಂದು ನನಗೆ ಗೊತ್ತಿತ್ತು. ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕೂತರು. ನಾಲ್ಕು ತಾಲ್ಲೂಕಿನ ಅಡುಗೆಮನೆಯ ಅರಿಶಿಣದ ಡಬ್ಬಿ ಅವರ ಲೇಖನದೊಳಗೆ ಸುರಿದಿತ್ತು. ಆದರೆ ಮನುಷ್ಯ ಒಳ್ಳೆಯವರು. ಹದಿನೈದು ದಿನ ಅರಿಶಿಣ ಮುಟ್ಟಬೇಡಿ ಎಂದು ಹೇಳಿ, ಅದು ಕಳೆದ ಮೇಲೆ ಮತ್ತೆ ಕರೆಸಿ ಇನ್ನೊಂದು ಚೂರು ಕತ್ತರಿಸಿದರು. ಅದು ಅಮಾವಾಸ್ಯೆಯಂತೆ ಕಪ್ಪಗಿತ್ತಂತೆ.

"ನಿಮಗೆ ಆ ಕಾಯಿಲೆ ಇಲ್ಲ ಅಜ್ಜಿ."

"ಮತ್ತ ಈ ಗಂಧೆ?"

"ಗೊತ್ತಿಲ್ಲ" ಎಂದು ಒಂದು ಮುಲಾಮು ಕೊಟ್ಟರು. ಅಷ್ಟು ಓದಿದವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಅವರ ಮೇಲೆ ನನಗೆ ಗೌರವ ಹುಟ್ಟಿದ್ದೂ ಆವಾಗಲೇ.

ಬಸ್ಸಿಳಿದು ನೇರ ಅಂಗಡಿಗೆ ಹೋದೆ. "ಏಳು, ನನಗ ಏನೂ ಇಲ್ಲಂತ" ಎಂದು ನಾಗಮ್ಮನನ್ನು ಎಬ್ಬಿಸಿ ಸೌಟು ಹಿಡಿದೆ. ಮೊದಲನೇ ತಟ್ಟೆ ಖಾದರ್ ಸಾಬರಿಗೆ. ಅವರು ನಿಧಾನಕ್ಕೆ ಅಗಿದರು, ಇನ್ನೂ ನಿಧಾನಕ್ಕೆ ನುಂಗಿದರು.

"ಕೊಟ್ರಮ್ಮಾರ, ನಾಗಮ್ಮ ಊರಾಗಿಲ್ಲೇನ್ರಿ?"

"ಯಾಕ?"

"ಏನಿಲ್ಲ... ನಾಲಿಗಿ ಅಕಿ ಕೈಗೆ ಹೊಂದ್ಕೊಂಡೈತಿ."

ಉಜ್ಜಿನಿ ಬಸ್ಸಿನ ಡ್ರೈವರೂ ಅದನ್ನೇ ಕೇಳಿದ. ನಾಗಮ್ಮ ಒಳಗೆ ಮರೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳ ತೆಗೆಯಬಹುದಿತ್ತು. ಮಾರನೇ ದಿನ ಅವಳು ಮನೆಗೆಂದು ಕಲಸಿದ ಮಂಡಕ್ಕಿಯನ್ನು ಕದ್ದು ತಿಂದು ನೋಡಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿದ್ದಳು, ಹುಣಸೆ ಹುಳಿ ಹದವಾಗಿತ್ತು. ಸುಳ್ಳು ಯಾಕೆ ಹೇಳಲಿ, ನನ್ನದಕ್ಕಿಂತ ಚೆನ್ನಾಗಿತ್ತು.

ಸಂಜೆ ಜನ ಸೇರುವ ಹೊತ್ತಿಗೆ ಸರಿಯಾಗಿ ಸೌಟು ಕೆಳಗಿಟ್ಟು ತೋಳು ಹಿಡಿದುಕೊಂಡೆ.

"ಯವ್ವಾ... ನಾಗೂ, ಡಾಕ್ಟರು ಒಲಿ ಮುಂದ ಕುಂದ್ರಬ್ಯಾಡ ಅಂದಿದ್ದು ಖರೇನ ಐತಿ ನೋಡು. ನೀನೇ ಮಾಡು."

"ರೋಗ ಇಲ್ಲ ಅಂದಾರಲ್ಲತ್ತಿ?"

"ಓದಿದವರು ಒಮ್ಮೆ ಐತಿ ಅಂತಾರ, ಒಮ್ಮೆ ಇಲ್ಲ ಅಂತಾರ" ಎಂದೆ. "ನಾನು ಅವರು ಮೊದಲು ಹೇಳಿದ್ದನ್ನ ನಂಬ್ತೀನಿ."