ಸೌದೆ ಒಲೆಯ ಘಮ

ನಾಲಿಗೆಯ ವಿಷಯದಲ್ಲಿ ನನ್ನಂಥ ಜಂಬದ ಮನುಷ್ಯ ಮಧುಗಿರಿ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಾರ. ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾದರೂ ಮುದ್ದೆಯನ್ನು ಮಾತ್ರ ಹಿತ್ತಿಲಿನ ಸೌದೆ ಒಲೆಯಲ್ಲೇ ತೊಳಸಬೇಕೆಂದು ಹಟ ಹಿಡಿದವನು ನಾನು. ಗ್ಯಾಸಿನ ಮುದ್ದೆಗೆ ಹೊಗೆಯ ಘಮ ಇರುವುದಿಲ್ಲವೆಂದು ಮದುವೆ ಮನೆಗಳಲ್ಲಿ ಭಾಷಣ ಬಿಗಿದಿದ್ದೇನೆ. ಕೊರಟಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರಿಂದ ಅದಕ್ಕೊಂದು ವೈಜ್ಞಾನಿಕ ಕಾರಣವನ್ನೂ ಹುಟ್ಟಿಸಿದ್ದೆ. ಈಗ ನೆನಪಿಲ್ಲ, ಆಗಲೂ ಅದು ಶುದ್ಧ ಸುಳ್ಳೇ. ತೊಳಸುತ್ತಿದ್ದವಳು ನನ್ನ ಹೆಂಡತಿ ತಾಯಮ್ಮ. ಅವಳು ಊದುಗೊಳವೆ ಊದಿ ಕೆಮ್ಮುತ್ತಿದ್ದರೆ ನಾನು ನಡುಮನೆಯಿಂದ, "ಸ್ವಲ್ಪ ಮೆಲ್ಲಗೆ ಕೆಮ್ಮು, ವಾರ್ತೆ ಕೇಳಿಸ್ತಿಲ್ಲ" ಎಂದು ಕೂಗುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಹೋದ ವರ್ಷ ಬಲಗೈ ನಡುಗಲು ಶುರುವಾಯಿತು. ಮುದ್ದೆ ಮುರಿದು ಸಾರಿಗೆ ಅದ್ದಿದರೆ ತುತ್ತು ಬಾಯಿಗೆ ಬರುವ ಬದಲು ಅಂಗಿಯ ಜೇಬಿನ ಮೇಲೆ ಕೂರತೊಡಗಿತು. ಶಿರಾಕ್ಕೆ ವಾರಕ್ಕೊಮ್ಮೆ ಬರುವ ನರರೋಗದ ಡಾಕ್ಟರಮ್ಮನ ಹತ್ತಿರ ಇಬ್ಬರೂ ಹೋದೆವು. ಪಾರ್ಕಿನ್ಸನ್ ಎಂದರು. ಮಿದುಳಿನ ಕೆಲವು ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವಂತೆ. ಕೈಕಾಲು ಹೇಳಿದ ಮಾತು ಕೇಳುವುದು ಅದರಿಂದಲೇ. ಅದು ಕೋಶದೊಳಗೆ ತನ್ನ ಪುಟ್ಟ ಚೀಲಗಳಲ್ಲಿ ಭದ್ರವಾಗಿದ್ದರೆ ಸರಿ. ಚೀಲದಿಂದ ಸೋರಿ ಅಲ್ಲೇ ಒಡೆಯಿತೋ, ವಿಷದಂಥ ವಸ್ತುಗಳು ಹುಟ್ಟಿ, ತಯಾರಿಸಿದ ಕೋಶವನ್ನೇ ನಿಧಾನವಾಗಿ ಹಾಳುಮಾಡುತ್ತವೆ. ಕೋಶಗಳು ಸಾಯಲು ಇದೂ ಒಂದು ಕಾರಣ ಇರಬೇಕು ಎಂದರು. ಸತ್ತದ್ದು ಮತ್ತೆ ಹುಟ್ಟುವುದಿಲ್ಲವಂತೆ. ನಾನು ಕೆಂಡಾಮಂಡಲವಾದೆ. ಜೀವಮಾನವೆಲ್ಲ ಯಜಮಾನನಿಗಾಗಿ ದುಡಿದ ಕೋಶಕ್ಕೆ ಇದೇನಾ ಮರ್ಯಾದೆ, ಇದೆಂಥ ಅನ್ಯಾಯ ಎಂದು ಡಾಕ್ಟರಮ್ಮನ ಮೇಲೇ ಹಾರಾಡಿದೆ.

ತಾಯಮ್ಮ ಸೆರಗು ಬಾಯಿಗಿಟ್ಟು ಕೆಮ್ಮಿ, "ಅದ್ರಾಗೇನೈತೆ ಬುಡಿ. ಬೇಯ್ಸೋಳ್ಗೇ ತಾನೆ ಹೊಗೆ, ಉಣ್ಣೋರ್ಗೆ ಎಲ್ಲೈತೆ?" ಎಂದಳು.

ಡಾಕ್ಟರಮ್ಮ ನನ್ನನ್ನು ಬಿಟ್ಟು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ಎದೆ ಚೆನ್ನಾಗಿಲ್ಲಮ್ಮ, ಇನ್ನು ಒಲೆ ಹತ್ರ ಹೋಗ್ಬೇಡಿ" ಎಂದರು. ಆಮೇಲೆ ನನಗೆ ಕಣ್ಣು ಮುಚ್ಚಲು ಹೇಳಿ ಮೂಗಿನ ಹತ್ತಿರ ಏನೋ ಹಿಡಿದರು. ಏನೂ ಇಲ್ಲವಲ್ಲ ಎಂದೆ. ಕಣ್ಣು ಬಿಟ್ಟರೆ ಎದುರಿಗೆ ಕಾಫಿಪುಡಿಯ ಡಬ್ಬಿ!

"ಈ ಕಾಯಿಲೇಲಿ ಎಷ್ಟೋ ಜನಕ್ಕೆ ಕೈ ನಡುಗೋಕೆ ಬಹಳ ವರ್ಷ ಮುಂಚೇನೇ ವಾಸನೆ ಹೋಗಿರುತ್ತೆ ಸಾರ್. ಅವರಿಗೇ ಗೊತ್ತಾಗಿರಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ತಾಯಮ್ಮ ಕಿಟಕಿ ಪಕ್ಕ ಕೂತಳು. ಬಡವನಹಳ್ಳಿ ದಾಟಿದ ಮೇಲೆ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಅಂಗಾದ್ರೆ, ಇಷ್ಟು ವರ್ಸ ನಾನು ಯಾವ ಘಮಕ್ಕೆ ಕೆಮ್ಮಿದ್ದು?"

ಉತ್ತರ ಗೊತ್ತಿಲ್ಲದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಸೀಟು ಬಿಟ್ಟು ಎದ್ದೆ. "ಕೂತ್ಕಳಿ ಮೇಷ್ಟ್ರೇ, ಸೀಟು ಖಾಲಿ ಐತಲ್ಲ" ಎಂದ ಕಂಡಕ್ಟರು. ನಡುಗುವ ಕೈಯಲ್ಲಿ ಕಂಬಿ ಹಿಡಿದು ಮಧುಗಿರಿಯವರೆಗೂ ನಿಂತೇ ಬಂದೆ.