ನೆತ್ತಿಯ ಮೇಲಿನ ಅನುಮಾನ

ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ. ಜಂಭಕ್ಕೆ ಹೇಳುತ್ತಿಲ್ಲ, ಅದು ನನ್ನ ಹೊಟ್ಟೆಪಾಡು. ಸಿಟಿ ಬಸ್ಸು ಹತ್ತಿ ಪ್ರಯಾಣಿಕರ ಟಿಕೆಟ್ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ನಾನು. ಗಾಬರಿಯಿಂದ ಜೇಬು ತಡಕಾಡುವವನನ್ನು ನಾನು ಕೆಣಕುವುದೇ ಇಲ್ಲ. ಅವನ ಹತ್ತಿರ ಟಿಕೆಟ್ ಇರುತ್ತದೆ, ಎಲ್ಲಿಟ್ಟೆನೆಂಬುದು ಮರೆತಿರುತ್ತದೆ, ಅಷ್ಟೆ. ಏನೂ ಆಗಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಾ ಕೂತಿರುತ್ತಾನಲ್ಲ, ಅವನೇ ಕಳ್ಳ. ತೀರಾ ಸಹಜವಾಗಿ ಕಾಣುವುದೆಲ್ಲ ಮೋಸ ಎಂಬುದು ನನ್ನ ವೃತ್ತಿಜೀವನದ ಮಹಾವಾಕ್ಯ.

ಈ ಉದ್ಯೋಗಕ್ಕೆ ಒಂದೇ ಕೊರತೆ. ಕೂತವರ ಟಿಕೆಟ್ ನೋಡುವವನಿಗೆ ಸೀಟಿಲ್ಲ. ದಿನವಿಡೀ ಕಂಬಿ ಹಿಡಿದು ನಿಂತು ನಿಂತು, ಸಂಜೆಯ ಹೊತ್ತಿಗೆ ಕಾಲು ನನ್ನವೋ ಬೇರೆಯವರವೋ ತಿಳಿಯುವುದಿಲ್ಲ. ಹಾಗಾಗಿ ಹಜಾರದ ಮೂಲೆಯ ನನ್ನ ಹಳೆಯ ಕ್ಯಾನ್ವಾಸ್ ಆರಾಮ ಕುರ್ಚಿಯೇ ನನ್ನ ಸಿಂಹಾಸನ. ಅದರ ಬಟ್ಟೆ ಜೋತುಬಿದ್ದು ನನ್ನ ಬೆನ್ನಿನ ಅಚ್ಚೇ ಮೂಡಿದೆ. ಬೇರೆಯವರು ಕೂತರೆ ಕಿರುಗುಟ್ಟುತ್ತದೆ, ನಾನು ಕೂತರೆ ಸುಮ್ಮನಿರುತ್ತದೆ. ಈ ಲೋಕದಲ್ಲಿ ನಾನು ಪೂರ್ತಿಯಾಗಿ ನಂಬಿದ್ದು ಅದೊಂದನ್ನೇ.

ಇಂಥ ಮನೆಗೆ ನನ್ನವಳು ಒಬ್ಬ ಒಳಾಂಗಣ ವಿನ್ಯಾಸಕಿಯನ್ನು ಕರೆತಂದಳು. ಆಕೆ ಹಜಾರದ ನಡುವೆ ನಿಂತು, ತಲೆ ಓರೆ ಮಾಡಿ, "ಈ ಕೋಣೆ ತುಂಬಾ ವಿಧೇಯವಾಗಿದೆ. ಇದು ಪ್ರತಿಭಟಿಸಬೇಕು" ಎಂದರು.

ಮಾರನೆಯ ವಾರದಿಂದ ಕೋಣೆ ಪ್ರತಿಭಟಿಸತೊಡಗಿತು. ಒಂದು ಗೋಡೆಯ ಗಾರೆ ಕೆರೆದು ಇಟ್ಟಿಗೆಗಳು ಹಲ್ಲು ಕಿರಿಯುವಂತೆ ಮಾಡಿದರು. ಊಟದ ಕುರ್ಚಿಯೊಂದು ಕೈಗೆಟುಕದ ಎತ್ತರದಲ್ಲಿ ಗೋಡೆ ಹತ್ತಿ ಕೂತಿತು. ಸೋಫಾ ಹೋಗಿ, ಉದ್ದಕ್ಕೆ ಸೀಳಿದ ಸ್ನಾನದ ತೊಟ್ಟಿ ಬಂತು. ಅತಿಥಿಗಳು ಇನ್ನು ಅದರಲ್ಲೇ ಕೂರಬೇಕು! ಗಡಿಯಾರದ ಮುಳ್ಳುಗಳನ್ನು ಕಿತ್ತಿದ್ದರಿಂದ ಟಿಕ್ ಟಿಕ್ ಮಾತ್ರ ಉಳಿಯಿತು.

ಗೋಡೆ ನೋಡಿ ನನಗೆ ಅನುಮಾನ ಬಂತು. ಅರ್ಧ ಕೆಲಸ ಮಾಡಿ ಪೂರ್ತಿ ಕೂಲಿ ಹೊಡೆಯುವ ಹುನ್ನಾರ ಇದು! ಭಾನುವಾರ ನನ್ನವಳು ಹೊರಗೆ ಹೋದ ಸಮಯ ಸಾಧಿಸಿ, ಸಿಮೆಂಟು ಕಲಸಿ, ಇಡೀ ಗೋಡೆಗೆ ನಾನೇ ಮೆತ್ತಿ ಸುಣ್ಣ ಬಳಿದೆ. ಅವಳು ಬಂದು ನೋಡಿದಳು. ಕೂಗಲಿಲ್ಲ, ಅದೇ ಭಯಂಕರ.

"ರೀ, ಒಂದು ಒಪ್ಪಂದ ಮಾಡ್ಕೊಳ್ಳೋಣ. ಗೋಡೆ ಮತ್ತೆ ಕೆರೆಸ್ತೀನಿ. ಇವತ್ತಿನಿಂದ ಒಂದು ತಿಂಗಳು ಈ ಹಜಾರದಲ್ಲಿ ನೀವು ಏನನ್ನೂ ಮುಟ್ಟಬಾರದು, ಯಾವುದಕ್ಕೂ ಕೊಂಕು ತೆಗೀಬಾರದು. ಹಾಗಿದ್ರೆ ನಿಮ್ಮ ಕುರ್ಚಿ ಈ ಮನೇಲೇ ಇರತ್ತೆ."

"ಇಲ್ದಿದ್ರೆ?"

"ಗುಜರಿಯವನು ವಾರಕ್ಕೊಂದು ಸಲ ಬರ್ತಾನೆ."

ಒಪ್ಪಿಕೊಂಡೆ. ಆದರೆ ಒಳಗೊಳಗೇ ಎಚ್ಚರವಾದೆ. ಇಷ್ಟು ಸುಲಭದ ಒಪ್ಪಂದವನ್ನು ನನ್ನವಳು ಸುಮ್ಮನೆ ಮಾಡುವವಳಲ್ಲ. ನನ್ನ ಬಾಯಿ ಬಿಡಿಸಲು ಎಲ್ಲೋ ಬಲೆ ಬೀಸುತ್ತಾಳೆ. ಬೀಸಲಿ, ಬೀಳುವವನು ಯಾರು?

ಬಲೆ ಬಿತ್ತು. ಒಂದು ಸಂಜೆ ಕುರ್ಚಿಯಲ್ಲಿ ಒರಗಿ ಮೇಲೆ ನೋಡಿದರೆ ಚಾವಣಿಯಲ್ಲಿ ಅಂಗೈಯಷ್ಟು ಒದ್ದೆ ಗುರುತು. ಅಂಚಿನಲ್ಲಿ ಕಂದು ಗೆರೆ, ನಡುವೆ ತೆಳು ಹಳದಿ. ಥೇಟ್ ನೀರು ಸೋರಿದ ಹಾಗೆಯೇ ಇತ್ತು. ಅಷ್ಟು ಥೇಟ್ ಇದ್ದದ್ದೇ ನನ್ನ ಅನುಮಾನಕ್ಕೆ ಕಾರಣ! ಇಷ್ಟು ದೊಡ್ಡ ಚಾವಣಿಯಲ್ಲಿ ನನ್ನ ಕುರ್ಚಿಯ ನೇರಕ್ಕೇ ಏಕೆ ಸೋರಬೇಕು? ವಿನ್ಯಾಸಕಿ ಬಣ್ಣ ಹಚ್ಚಿ ಹೋಗಿದ್ದಾರೆ, ನನ್ನವಳು ಕಾಯುತ್ತಿದ್ದಾಳೆ. ಅಡುಗೆಮನೆಯ ಬಾಗಿಲಿನಿಂದ ಅವಳು ಒಮ್ಮೆ ಚಾವಣಿಯನ್ನೂ ಒಮ್ಮೆ ನನ್ನನ್ನೂ ನೋಡಿದಳು. ನಾನು ಪೇಪರಿನಲ್ಲಿ ಮುಖ ಹುದುಗಿಸಿ ಮದುವೆಯ ಜಾಹೀರಾತುಗಳನ್ನು ಗಮನವಿಟ್ಟು ಓದಿದೆ.

ಗುರುತು ಬೆಳೆಯಿತು. ಅಂಗೈ ಹೋಗಿ ತಟ್ಟೆಯಾಯಿತು, ತಟ್ಟೆ ಹೋಗಿ ಮೊರವಾಯಿತು. ದಿನಕ್ಕಿಷ್ಟು ಬಣ್ಣ ಹಚ್ಚುವ ಅವರ ತಾಳ್ಮೆಗೆ ಮನಸ್ಸಿನಲ್ಲೇ ತಲೆದೂಗಿದೆ. ಆಮೇಲೆ ಹನಿ ಬೀಳತೊಡಗಿತು, ನೇರ ನನ್ನ ನೆತ್ತಿಗೆ. ಬಣ್ಣ ಸಾಲದೆಂದು ಈಗ ನೀರನ್ನೂ ಬಿಡುತ್ತಿದ್ದಾರೆ! ಕುರ್ಚಿ ಸರಿಸಿದರೆ ಹಜಾರದ ವಸ್ತು ಮುಟ್ಟಿದಂತೆ, ಎದ್ದುಹೋದರೆ ಸೋತಂತೆ. ಕೂತೇ ಇದ್ದೆ.

"ತಲೆ ಯಾಕ್ರೀ ಒದ್ದೆ?" ಎಂದಳು.

"ಈಗ ತಾನೇ ಸ್ನಾನ ಆಯ್ತು."

"ಬೆಳಗ್ಗೆ ಮಾಡಿದ್ರಲ್ಲ?"

"ಬಸ್ಸಿನ ಧೂಳು ಒಂದೇ ಸಲಕ್ಕೆ ಹೋಗಲ್ಲ."

"ಶರ್ಟು ಹಾಕ್ಕೊಂಡೇ ಮಾಡಿದ್ರಾ?"

"ಅದಕ್ಕೂ ಧೂಳಾಗಿತ್ತು."

ಅವಳು ಕಣ್ಣು ಕಿರಿದು ಮಾಡಿ ಒಳಗೆ ಹೋದಳು. ಈ ನೋಟ ನನಗೆ ಹೊಸದಲ್ಲ. ಬಸ್ಸಿನಲ್ಲಿ ನಾನು ಜನರನ್ನು ನೋಡುವುದು ಹೀಗೆಯೇ.

ನಡುವೆ ಒಂದು ದಿನ ವಿನ್ಯಾಸಕಿ ಬಂದರು. ಚಾವಣಿ ನೋಡಿ ತುಟಿ ಬಿಗಿದರು. ಒಂದು ಫೋಟೋ ತೆಗೆದುಕೊಂಡು, ಕಾಫಿಯನ್ನೂ ಕುಡಿಯದೆ ಹೊರಟುಹೋದರು. ತಮ್ಮ ಕೈಚಳಕವನ್ನು ತಾವೇ ನೋಡಿ ನಗು ತಡೆದುಕೊಂಡರೆಂದು ನಾನು ಲೆಕ್ಕ ಹಾಕಿದೆ.

ಮರುದಿನ ಬಂದವರು ಮೇಲಿನ ಮನೆಯ ಅಜ್ಜ. ಬಾಗಿಲಲ್ಲೇ ನಿಂತು, "ಏನಪ್ಪಾ, ನಮ್ಮ ಬಚ್ಚಲಿನ ಪೈಪ್ ಸೋರ್ತಿದೆಯೋ ಏನೋ ಅಂತ ಅನುಮಾನ. ನಿಮ್ಮ ಕಡೆ ಏನಾದ್ರೂ ಇಳಿದಿದ್ಯಾ?" ಎಂದರು. ಮುಖ ಎಷ್ಟು ಮುಗ್ಧ! ಟಿಕೆಟ್ಟಿಲ್ಲದವನು ನನ್ನನ್ನೇ ಟೈಮ್ ಕೇಳಿದಂತೆ. ಹಿಂದಿನ ಸಂಜೆಯಷ್ಟೇ ಮೆಟ್ಟಿಲ ಬಳಿ ಇವರೂ ನನ್ನವಳೂ ಮಾತಾಡುತ್ತಿದ್ದುದನ್ನು ನಾನು ಕಂಡಿದ್ದೆ. ಪಾಪ, ಈ ವಯಸ್ಸಿನಲ್ಲಿ ಅಜ್ಜನನ್ನೂ ಪಿತೂರಿಗೆ ಎಳೆದಿದ್ದಾಳೆ!

"ಇಳಿಯೋದಾ? ಛೆ, ಏನೂ ಇಲ್ಲ ಅಜ್ಜ. ನಮ್ಮ ಚಾವಣಿ ಬಹಳ ಸೊಗಸಾಗಿದೆ" ಎಂದೆ. ಒಂದು ಹನಿ ಮೂಗಿನ ತುದಿಯಿಂದ ಜಾರಿತು.

"ಸದ್ಯ! ರಿಪೇರಿಯವನನ್ನ ಕರೆಸೋಣ ಅಂತಿದ್ದೆ. ಹಾಗಾದ್ರೆ ಬೇಡ" ಎಂದು ಅಜ್ಜ ನೆಮ್ಮದಿಯಿಂದ ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತಿಗೆ ಅವರ ಬಚ್ಚಲಿನಲ್ಲಿ ಧಾರಾಳವಾಗಿ ನೀರು ಸುರಿಯುವ ಸದ್ದು ಕೇಳಿಸಿತು.

ಒಪ್ಪಂದದ ಕೊನೆಯ ದಿನ ಬಂತು. ಗೆಲುವಿನ ಹುಮ್ಮಸ್ಸಿನಲ್ಲಿ ಕುರ್ಚಿಯಿಂದ ಎದ್ದು, ಬಾಗಿಲ ಬಳಿ ಬಿದ್ದಿದ್ದ ಪೇಪರ್ ತರಲು ಹೋದೆ. ಬಗ್ಗಿದೆನಷ್ಟೆ, ಹಿಂದಿನಿಂದ ಧಡಾರ್! ತಿರುಗಿ ನೋಡಿದರೆ ಮೊರದಗಲದ ಗಾರೆ ಕಳಚಿ ನನ್ನ ಕುರ್ಚಿಯ ಮೇಲೆ ಕೂತಿತ್ತು. ಕುರ್ಚಿಯ ಒಂದು ಕಾಲು ಮುರಿದು, ಕ್ಯಾನ್ವಾಸ್ ನಡುವೆ ಸೀಳಿತ್ತು. ನನ್ನ ಬೆನ್ನಿನ ಅಚ್ಚು ಇದ್ದಲ್ಲಿ ಈಗ ಸಿಮೆಂಟಿನ ಹೆಂಟೆಗಳು. ಅಳು ಬಂತು ಎಂದರೂ ಸುಳ್ಳಲ್ಲ.

ನನ್ನವಳು ಓಡಿಬಂದಳು. ನನ್ನ ತಲೆ, ಭುಜ, ಬೆನ್ನು ಎಲ್ಲ ಸವರಿ, ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ಬೈದಳು.

"ಸೋರ್ತಿದೆ ಅಂತ ಒಂದು ಮಾತು ಹೇಳೋಕೇನಾಗಿತ್ತು?"

"ನನ್ನ ಬಾಯಿ ಬಿಡಿಸೋಕೆ ನೀನೇ ಮಾಡ್ಸಿದ್ದು ಅಂದ್ಕೊಂಡೆ. ನೀನ್ಯಾಕೆ ಹೇಳ್ಲಿಲ್ಲ?"

"ನನ್ನ ಅಲಂಕಾರ ಹಾಳು ಮಾಡೋಕೆ ನೀವೇ ಕೋಲಿಗೆ ಒದ್ದೆ ಬಟ್ಟೆ ಕಟ್ಟಿ ಒರೆಸ್ತಿದ್ದೀರಿ ಅಂದ್ಕೊಂಡೆ! ನಿಮ್ಮ ತಲೆ ಬೇರೆ ದಿನಾ ಒದ್ದೆ. ರೆಡ್ ಹ್ಯಾಂಡಾಗಿ ಹಿಡಿಯೋಣ ಅಂತ ಕಾಯ್ತಿದ್ದೆ."

ಇಷ್ಟು ವರ್ಷ ನನ್ನ ಜೊತೆ ಬಾಳಿ ಅವಳೂ ಇನ್‌ಸ್ಪೆಕ್ಟರ್ ಆಗಿದ್ದಳು.

ಫೋನ್ ಮಾಡಿದ್ದಕ್ಕೆ ವಿನ್ಯಾಸಕಿ ಧಾವಿಸಿ ಬಂದರು. "ನಾನು ಅವತ್ತೇ ನೋಡ್ದೆ. ನನಗೆ ಹೇಳದೆ ಬೇರೆ ಯಾರ ಹತ್ರಾನೋ ಚಾವಣಿಗೆ ಆ ಡಿಸೈನ್ ಮಾಡಿಸಿದ್ದೀರಿ ಅಂತ ಬೇಜಾರಾಗಿ ಸುಮ್ನಾದೆ" ಎಂದರು. ಆಮೇಲೆ ಅವರ ಕಣ್ಣು ಕುರ್ಚಿಯ ಮೇಲೆ ಬಿತ್ತು. ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಧೂಳು ಒರೆಸಲು ನಾನು ಕೈ ಚಾಚಿದೆ.

"ಮುಟ್ಬೇಡಿ! ಈ ಮನೆಯಲ್ಲಿ ನಿಜವಾಗಿ ಪ್ರತಿಭಟಿಸಿದ್ದು ಇದೊಂದೇ."

ಈಗ ಚಾವಣಿ ರಿಪೇರಿಯಾಗಿದೆ, ಅಜ್ಜನ ಪೈಪೂ ಸರಿಯಾಗಿದೆ. ಕುರ್ಚಿ ಮಾತ್ರ ಮುರಿದ ಕಾಲು, ಗಾರೆ, ಧೂಳಿನ ಸಮೇತ ಹಾಗೆಯೇ ಇದೆ. ಸುತ್ತ ಕೆಂಪು ಹಗ್ಗ ಕಟ್ಟಿದ್ದಾರೆ, ಮೇಲೊಂದು ದೀಪ ಇಟ್ಟಿದ್ದಾರೆ. ನನ್ನವಳು ಮಾತಿಗೆ ತಪ್ಪುವವಳಲ್ಲ: ಕುರ್ಚಿ ಮನೆಯಲ್ಲೇ ಉಳಿಯಿತು. ಅತಿಥಿಗಳು ತೊಟ್ಟಿಯಲ್ಲಿ ಕೂತು ಅದನ್ನು ಮೆಚ್ಚುತ್ತಾರೆ. ನಾನು ಹಗ್ಗ ಹಿಡಿದು ನಿಂತೇ ಪೇಪರ್ ಓದುತ್ತೇನೆ.

ನಿನ್ನೆ ಹಾಗೆಯೇ ನಿಂತಿದ್ದೆ. ತೊಟ್ಟಿಯಲ್ಲಿ ಕೂತ ಯಾರಿಗೋ ಕುರ್ಚಿ ತೋರಿಸುತ್ತಿದ್ದ ನನ್ನವಳು ಮೆಲ್ಲಗೆ ನನ್ನ ಭುಜ ತಟ್ಟಿದಳು.

"ರೀ, ಸ್ವಲ್ಪ ಹಿಂದಕ್ಕೆ ಸರೀರಿ. ನಿಂತವರಿಂದ ಕೂತವರಿಗೆ ತೊಂದ್ರೆ ಆಗ್ತಿದೆ."